ಭಕ್ತಪುರದ ಅಯ್ಯನೋರು

ಚನ್ನಗಿರಿಯ ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪನಿಗೆ ಈ ಲೋಕದಲ್ಲಿ ಮೆಚ್ಚುಗೆಯಾದದ್ದು ಬಹಳ ಕಡಿಮೆ. ಅಂಗಡಿಗೆ ಬಂದ ಚೀಲಕ್ಕೆ ಕೈ ಹಾಕಿ, ಒಂದು ಅಡಿಕೆಯನ್ನು ಹಲ್ಲಿಗೆ ಕೊಟ್ಟು, ಮುಖ ಕಿವುಚಿ "ಗೊರಬಲು" ಎಂದುಬಿಡುತ್ತಿದ್ದ. ಗೊರಬಲು ಎಂದರೆ ಅಡಿಕೆಯಲ್ಲೇ ಕೀಳು ದರ್ಜೆಯದು. ಬರಬರುತ್ತಾ ಆ ಮಾತು ಚೀಲದಿಂದ ಹೊರಗೆ ಬಂದು ಊರು, ಮನುಷ್ಯರು, ಬೀಗರ ಮನೆಯ ಹೋಳಿಗೆ, ಎಲ್ಲಕ್ಕೂ ತಗಲಿಕೊಂಡಿತು. ಹೆಂಡತಿ ರುದ್ರಾಣಿ ಮಾಡಿದ ಅಡುಗೆಗೆ ಮಾತ್ರ ಹಾಗೆ ಅನ್ನುತ್ತಿರಲಿಲ್ಲ. ಚೆನ್ನಾಗಿದೆ ಎಂದೂ ಅನ್ನುತ್ತಿರಲಿಲ್ಲವೆನ್ನಿ. ಸುಮ್ಮನೆ ಉಂಡು ಏಳುತ್ತಿದ್ದ.

ಎಂಬತ್ಮೂರನೇ ಇಸವಿಯಲ್ಲಿ ನ್ಯಾಮತಿಯ ಮರುಳಸಿದ್ದಪ್ಪ, ವರ್ಷವರ್ಷವೂ ಕಾಶಿಗೆ ಬಸ್ಸು ಹೊರಡಿಸುವವನು, ಈ ಸಲ ಅದಕ್ಕೆ ನೇಪಾಳವನ್ನೂ ಸೇರಿಸಿದ್ದೇನೆ ಎಂದು ಸಾರಿದ. ಹೊನ್ನಾಳಿಯಿಂದ, ಜಗಳೂರಿನಿಂದ ಜನ ಹೆಸರು ಕೊಟ್ಟರು. ರುದ್ರಾಣಿಯೂ ಕೊಟ್ಟು ಬಂದಳು.

"ಬಸ್ಸಿನಾಗೆ ಕುಂತು ಹೋಗಾಕೆ ಆಗೋದು ಎಂಥ ಹೊರದೇಶ?" ಎಂದು ವಿರೂಪಾಕ್ಷಪ್ಪ ಮೂಗು ಮುರಿದ. "ವಿಮಾನ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಗೊರಬಲು ದೇಶ."

"ನೀವು ಅಂಗಡೀಲೇ ಕುಂದ್ರಿ ಹಂಗಾದ್ರೆ. ನಾನು ಹೋಗಿ ಬರ್ತೀನಿ."

ಹಾಗೆ ಬಿಡುವ ಗಂಡಸಲ್ಲ ಅವನು. ಗೊಣಗುತ್ತಲೇ ಹೊರಟ. ಹೊರಡುವ ಮುಂಚೆ ಹೆಂಡತಿಗೆ ಒಂದು ಬುದ್ಧಿಮಾತು ಹೇಳಿದ. ರುದ್ರಾಣಿ ಇಷ್ಟಲಿಂಗವನ್ನು ತವರಿನವರು ಕೊಟ್ಟ ಬೆಳ್ಳಿ ಕರಡಿಗೆಯಲ್ಲಿಟ್ಟು ಕೊರಳಲ್ಲಿ ಧರಿಸುತ್ತಿದ್ದಳು. "ಆ ದೇಶದಾಗೆ ಬರೀ ಕಳ್ಳರು. ಬೆಳ್ಳಿ ಕಂಡ್ರೆ ಕೊರಳಿಗೇ ಕೈ ಹಾಕ್ತಾರೆ. ಕರಡಿಗೆ ಮನೇಲಿಟ್ಟು ಲಿಂಗಾನ ಬಟ್ಟೇಲಿ ಕಟ್ಕೊಂಡು ಬಾ" ಎಂದ. ಅವಳಿಗೆ ಮನಸ್ಸಿರಲಿಲ್ಲ. ಆದರೂ ಬಿಳಿ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ಗಂಟು ಹಾಕಿ, ಎದೆಯ ಮೇಲೆ ಕಟ್ಟಿಕೊಂಡಳು.

ಕಾಶಿಯವರೆಗೆ ಎಲ್ಲ ಸುಸೂತ್ರ. ಬಸ್ಸಿನ ಜೊತೆ ಬಂದಿದ್ದ ಮಠದ ಅಯ್ಯನವರು ಮಾತ್ರ ಹೊಟ್ಟೆ ಕೆಟ್ಟು ಅಲ್ಲೇ ಉಳಿದರು. ಮುಂದೆ ಗಡಿ ಬಂತು. ರಸ್ತೆಗೆ ಅಡ್ಡಲಾಗಿ ಒಂದು ಬಿದಿರ ಗಳು, ಅದನ್ನೆತ್ತಲು ತೂಕಡಿಸುವ ಒಬ್ಬ ಪೊಲೀಸು. ಅಷ್ಟೇ ಹೊರದೇಶ. ವಿರೂಪಾಕ್ಷಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ಪೊಲೀಸನಿಗೆ ಎಲೆ ಅಡಿಕೆ ಕೊಟ್ಟು ಬಂದ.

ಆಮೇಲೆ ಬಸ್ಸು ಬೆಟ್ಟ ಹತ್ತತೊಡಗಿತು. ಹತ್ತಿತು, ಇನ್ನೂ ಹತ್ತಿತು, ಮೋಡದೊಳಗೇ ಹೋಯಿತು. ಕಿಟಕಿಯಾಚೆ ನೆಲವೂ ಇಲ್ಲ, ಆಕಾಶವೂ ಇಲ್ಲ, ಹಾಲು ಚೆಲ್ಲಿದಂಥ ಬೆಳ್ಳಗೆ. ಒಂದು ತಿರುವಿನಲ್ಲಿ ಮೋಡ ಹರಿದು, ಬಹಳ ಮೇಲೆ, ಯಾರೂ ತಲೆಯೆತ್ತಿ ಹುಡುಕದಷ್ಟು ಮೇಲೆ, ಹಿಮದ ಸಾಲು ಕಂಡಿತು. ಬೆಟ್ಟವೋ ಬೆಳಕೋ ತಿಳಿಯಲಿಲ್ಲ. ರುದ್ರಾಣಿ ಕೈಮುಗಿದಳು. ವಿರೂಪಾಕ್ಷಪ್ಪ ಬಾಯಿ ತೆರೆದ, ಗೊರಬಲು ಎನ್ನದೆ ಮುಚ್ಚಿಕೊಂಡ. ಅವನ ಮಟ್ಟಿಗೆ ಅದು ದೊಡ್ಡ ಸಂಗತಿ.

ಮರುದಿನ ಬೆಳಿಗ್ಗೆ ಪಶುಪತಿನಾಥನ ಗುಡಿಯ ಕೆಳಗೆ, ಬಾಗ್ಮತಿ ಹೊಳೆಯಲ್ಲಿ ಸ್ನಾನ. ಮಂಜು ನೀರಿನ ಮೇಲೆ ಮಲಗಿತ್ತು. ಪಕ್ಕದವರ ಮುಖವೂ ಕಾಣದು, ಗಂಟೆಯ ಸದ್ದು ಮಾತ್ರ ಎಲ್ಲಿಂದಲೋ ಬರುತ್ತಿತ್ತು. ರುದ್ರಾಣಿ ಮುಳುಗು ಹಾಕಿ ಎದ್ದಾಗ ಎದೆ ಹಗುರವಾಗಿತ್ತು. ನೆನೆದ ಗಂಟು ಬಿಚ್ಚಿಹೋಗಿ, ಖಾಲಿ ವಸ್ತ್ರ ಕೊರಳಲ್ಲಿ ಜೋತಾಡುತ್ತಿತ್ತು.

ಅವಳು ಕೂಗಲಿಲ್ಲ. "ರೀ" ಎಂದಳು, ಅಷ್ಟೇ. ಆ ಒಂದು ಕರೆಗೆ ವಿರೂಪಾಕ್ಷಪ್ಪ ಪಂಚೆಯ ಸಮೇತ ಹೊಳೆಗೆ ಬಿದ್ದ. ಬಸ್ಸಿನವರೆಲ್ಲ ಇಳಿದರು. ಕೆಸರು, ಹೂವು, ಬೂದಿ, ಕಾಸು, ಎಲ್ಲ ಕೈಗೆ ಬಂದವು. ಲಿಂಗ ಬರಲಿಲ್ಲ.

ಲಿಂಗಕ್ಕೆ ತೋರಿಸದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕಿದವಳಲ್ಲ ರುದ್ರಾಣಿ. ಈಗಲೂ ಹಾಕುವುದಿಲ್ಲ ಎಂದಳು. ಅಯ್ಯನವರೊಬ್ಬರು ಹೊಸ ಲಿಂಗ ಕಟ್ಟಬೇಕು, ಆಮೇಲೆ ಮಾತು. ಅಯ್ಯನವರು ಕಾಶಿಯಲ್ಲಿ. ಕಾಶಿಗೆ ಬೆಟ್ಟ ಇಳಿದು, ಬಯಲು ದಾಟಿ ಹೋಗಬೇಕು. ಬಸ್ಸಿನ ಗೇರು ಬೇರೆ ಕೆಟ್ಟು, ರಿಪೇರಿಗೆ ಎರಡು ದಿನ ಬೇಕೆಂದು ಮರುಳಸಿದ್ದಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಒಂದು ಗುಟುಕು ನೀರು ಕುಡೀರಿ, ಅಕ್ಕಾರೆ. ಶಿವ ಮಾಫಿ ಮಾಡ್ತಾನೆ" ಎಂದು ಬಸ್ಸಿನಲ್ಲಿ ಜೊತೆಗೆ ಬಂದಿದ್ದ, ಸೊಕ್ಕೆ ಊರಿನ ಅಜ್ಜಮ್ಮ ಎಂಬ ಮುದುಕಿ ಬೇಡಿದಳು.

"ಅವನು ಮಾಡ್ತಾನೆ ಕಣಮ್ಮ. ನನ್ನ ಗಂಟಲಾಗೆ ಇಳಿಯಾಕಿಲ್ಲ" ಎಂದಳು ರುದ್ರಾಣಿ.

ಸಂಜೆಯ ಹೊತ್ತಿಗೆ ಅವಳ ತುಟಿಗಳು ಒಣಗಿ ಬಿರಿದವು. ವಿರೂಪಾಕ್ಷಪ್ಪ ಧರ್ಮಶಾಲೆಯಲ್ಲಿ ಕೂರಲಾರದೆ ಪೇಟೆಗೆ ಹೋದ. ಒಂದು ಮೂಲೆಯಲ್ಲಿ ಕರಿಯ ನುಣುಪು ಕಲ್ಲುಗಳನ್ನು ಹರಡಿಕೊಂಡು ಒಬ್ಬ ಕೂತಿದ್ದ. "ಭಗವಾನ್ ಹೈ" ಎಂದ. ಕರ್ರಗಿದೆ, ದುಂಡಗಿದೆ, ಅಂಗೈ ತುಂಬುತ್ತದೆ. ಮತ್ತೇನು ಬೇಕು? ಚೌಕಾಸಿಯಲ್ಲಿ ಹೆಸರಾದ ಮನುಷ್ಯ ಕೇಳಿದಷ್ಟು ಕೊಟ್ಟು, ಓಡುತ್ತಾ ಬಂದು, ಹೆಂಡತಿಯ ಕೈಯಲ್ಲಿಟ್ಟ.

ರುದ್ರಾಣಿ ಅದನ್ನು ದೀಪಕ್ಕೆ ಹಿಡಿದು ತಿರುಗಿಸಿದಳು. ಕಲ್ಲಿನ ಹೊಟ್ಟೆಯಲ್ಲಿ ಚಕ್ರದ ಗುರುತಿತ್ತು.

"ಇದು ಸಾಲಿಗ್ರಾಮ ಕಣ್ರೀ. ವಿಷ್ಣು! ಆಚಾರ್ರ ಮನೇಲಿ ಪೂಜೆ ಮಾಡೋದು." ಅಷ್ಟು ನಿತ್ರಾಣದಲ್ಲೂ ಅವಳಿಗೆ ನಗು ಬಂತು. "ಶಿವನ ಮಗಳಿಗೆ ವಿಷ್ಣೂನ ತಂದ್ರಲ್ಲ, ನಿಮ್ಮನ್ನ ಏನು ಮಾಡ್ಲಿ!"

ವಿರೂಪಾಕ್ಷಪ್ಪನಿಗೆ ನಗು ಬರಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತ. ಅವನಿಗೆ ಭಯವಾಗಿತ್ತು.

ಬೆಳಗಾಯಿತು. ಕಾಶಿಯವರೆಗೆ ಬರಲೊಪ್ಪದ ಒಂದು ಸ್ಥಳೀಯ ಬಸ್ಸನ್ನು ಗೊತ್ತುಮಾಡಿ, ಹತ್ತಿರದಲ್ಲೇ ಇರುವ ಭಕ್ತಪುರವನ್ನು ತೋರಿಸಿಕೊಂಡು ಬರೋಣ ಎಂದು ಮರುಳಸಿದ್ದಪ್ಪ ಎಲ್ಲರನ್ನೂ ಹತ್ತಿಸಿದ. ಒಬ್ಬಳೇ ಇರುವುದು ಬೇಡವೆಂದು ರುದ್ರಾಣಿಯನ್ನೂ ಕರೆತಂದರು. ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದವಳು ಊರು ಬಂದರೂ ತೆರೆಯಲಿಲ್ಲ. ಅಜ್ಜಮ್ಮ ಅವಳ ಪಕ್ಕ ಕೂತಳು. ವಿರೂಪಾಕ್ಷಪ್ಪ ನಿಂಬೆಹಣ್ಣಾದರೂ ಮೂಸಿಸೋಣವೆಂದು ಇಳಿದು ಹೋದ.

ಮಂಜಿನೊಳಗೆ ಕೆಂಪು ಇಟ್ಟಿಗೆಯ ಊರು. ಬೀದಿಯೂ ಇಟ್ಟಿಗೆ, ಗೋಡೆಯೂ ಇಟ್ಟಿಗೆ, ಮರದ ಕಿಟಕಿಗಳಲ್ಲಿ ಕೆತ್ತಿದ ನವಿಲು. ಜನ ಸದ್ದಿಲ್ಲದೆ ಹಾದುಹೋಗುತ್ತಿದ್ದರು. ಎಚ್ಚರವಾಗಿದ್ದೇನೋ ಇಲ್ಲವೋ ಎಂದು ಅವನಿಗೇ ಅನುಮಾನವಾಯಿತು. ಎಷ್ಟು ಬೀದಿ ತಿರುಗಿದನೋ, ಒಂದು ಹಳೆಯ ಮನೆಯ ಬಾಗಿಲಲ್ಲಿ ಒಬ್ಬ ವೃದ್ಧರು ಬಿಸಿಲು ಬರಲೆಂದು ಕಾಯುತ್ತಾ ಕೂತಿದ್ದರು. ತಲೆಗೆ ಆ ದೇಶದ ಟೊಪ್ಪಿ. ಹಣೆಗೆ ಮೂರೆಳೆ ವಿಭೂತಿ. ಕೊರಳಲ್ಲಿ ಶಿವದಾರ.

ವಿರೂಪಾಕ್ಷಪ್ಪ ನಿಂತಲ್ಲೇ ನಿಂತ. ವೃದ್ಧರು ಅವನ ಹಣೆಯನ್ನು ನೋಡಿದರು, ಕೊರಳನ್ನು ನೋಡಿದರು. ಆಮೇಲೆ ತಮ್ಮ ಅಂಗಿಯೊಳಗೆ ಕೈಹಾಕಿ ವಸ್ತ್ರ ಬಿಚ್ಚಿ ಅಂಗೈ ಚಾಚಿದರು. ಲಿಂಗ.

"ಜಂಗಮ್" ಎಂದರು, ಎದೆಯ ಮೇಲೆ ಕೈಯಿಟ್ಟು. ಜಂಗಮ ಎಂದರೆ ಲಿಂಗ ಕಟ್ಟುವ ಅಯ್ಯನವರೇ.

ಅಡಿಕೆ ಕೊಳ್ಳಲು ಬರುವ ಉತ್ತರದ ಸೇಟುಗಳ ಜೊತೆ ಏಗಿ ಏಗಿ ವಿರೂಪಾಕ್ಷಪ್ಪನಿಗೆ ಮುರುಕು ಹಿಂದಿ ಬರುತ್ತಿತ್ತು. ಅದರಲ್ಲೇ ತಡವರಿಸಿ ಎಲ್ಲ ಹೇಳಿದ. ಹೇಳುತ್ತಾ ಆ ವೃದ್ಧರ ಕಾಲು ಹಿಡಿದುಕೊಂಡಿದ್ದು ಅವನ ಗಮನಕ್ಕೇ ಬರಲಿಲ್ಲ.

ಅವನೂ ಅಜ್ಜಮ್ಮನೂ ರುದ್ರಾಣಿಯನ್ನು ಎರಡೂ ಕಡೆ ಹಿಡಿದು ಕರೆತಂದರು; ಅಜ್ಜಮ್ಮ ಬಾಗಿಲಿಂದಲೇ ಬಸ್ಸಿಗೆ ಹಿಂದಿರುಗಿದಳು. ಒಳಗೆ ಸಗಣಿ ಸಾರಿಸಿದ ನೆಲ, ಗೂಡಿನಲ್ಲಿ ದೀಪ. ವೃದ್ಧರು ಮರದ ಪೆಟ್ಟಿಗೆಯಿಂದ ಒಂದು ಲಿಂಗ ತೆಗೆದು, ನೀರೆರೆದು, ವಿಭೂತಿ ಹಚ್ಚಿ, ಪತ್ರೆಯಿಟ್ಟು ಪೂಜಿಸಿದರು. ಅವಳ ಎಡಗೈ ಮೇಲಿಟ್ಟು ಕಿವಿಯಲ್ಲಿ ಮಂತ್ರ ಹೇಳಿದರು. ಚನ್ನಗಿರಿಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಹೇಳುವ ಅದೇ ಐದಕ್ಷರ. ಒಂದಿಷ್ಟೂ ಬದಲಾಗಿರಲಿಲ್ಲ. ರುದ್ರಾಣಿಯ ಕಣ್ಣಿಂದ ನೀರು ಹರಿದು ಅಂಗೈಯ ಲಿಂಗದ ಮೇಲೆ ಬಿತ್ತು.

ಆ ಮನೆಯ ಸೊಸೆ ಅನ್ನ, ಮೊಸರು ತಂದಿಟ್ಟಳು. ರುದ್ರಾಣಿ ಲಿಂಗಕ್ಕೆ ತೋರಿಸಿ, ಮೊದಲು ನೀರು ಕುಡಿದಳು. ಬಹಳ ಹೊತ್ತು ಕುಡಿದಳು. ಆಮೇಲೆ ತುತ್ತು ಕಲಸಿದಳು.

ವಿರೂಪಾಕ್ಷಪ್ಪ ದಕ್ಷಿಣೆಗೆಂದು ಜೇಬಿಗೆ ಕೈ ಹಾಕಿದರೆ ವೃದ್ಧರು ತಡೆದರು. ತಮ್ಮ ಹಿರಿಯರು ದಕ್ಷಿಣದಿಂದ ಬಂದವರು, ಯಾವ ಕಾಲವೋ, ಯಾವ ಊರೋ ಯಾರಿಗೂ ತಿಳಿಯದು, ಆ ಭಾಷೆ ಮನೆಯಲ್ಲಿ ಸತ್ತು ತಲೆಮಾರುಗಳಾದವು ಎಂದು ಹಿಂದಿಯಲ್ಲಿ ಹೇಳಿದರು. "ಆ ಮಾತು ಹೇಗೆ ಕೇಳಿಸುತ್ತಿತ್ತು? ನನಗೆ ಅದನ್ನು ಕೊಡಿ. ಏನಾದರೂ ಮಾತಾಡಿ" ಎಂದು ಗೋಡೆಗೊರಗಿ ಕಣ್ಣು ಮುಚ್ಚಿದರು.

ಏನು ಮಾತಾಡುವುದು? ವಿರೂಪಾಕ್ಷಪ್ಪ ಅಡಿಕೆ ಧಾರಣೆಯಿಂದ ಶುರುಮಾಡಿದ. ಅಲ್ಲಿಂದ ಕತ್ತಲಗೆರೆಯ ಗದ್ದೆ, ದಾವಣಗೆರೆಯ ಬಸ್ಸು. ವೃದ್ಧರ ಮುಖ ನಿದ್ದೆಯಲ್ಲಿ ನಗುವ ಕೂಸಿನಂತಿತ್ತು. ತನ್ನ ಮಾತನ್ನು ಯಾರೂ ಇಷ್ಟು ಆಸೆಯಿಂದ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಒಂದು ಪದವೂ ತಿಳಿಯದ ಮನುಷ್ಯನ ಮುಂದೆ ಅವನು ಮುಚ್ಚಿಟ್ಟುಕೊಂಡಿದ್ದ ಮಾತೂ ತಾನಾಗಿ ಹೊರಬಂತು.

"ಕರಡಿಗೆ ಬಿಚ್ಚಿಡು ಅಂದೋನು ನಾನೇ, ಅಯ್ಯನೋರೇ. ಇಲ್ಲಿ ಕಳ್ಳರಿದಾರೆ ಅಂತ ನಾನೇ ಹೆದರಿಸ್ದೆ. ಇವಳು ಒಂದು ಮಾತು ಅನ್ನಲಿಲ್ಲ. ಬಸ್ಸಿನಾಗೆ ಕಣ್ಣು ಮುಚ್ಚಿದ್ಲಲ್ಲ, ಯಾರಿಗೂ ಕಾಣದಂಗೆ ಮೂಗಿನ ಹತ್ರ ಬೆರಳಿಟ್ಟು ನೋಡ್ದೆ. ಉಸಿರು ಐತೋ ಇಲ್ವೋ ಅಂತ. ಇವಳು ಹೋಗಿದ್ರೆ ನಾನು ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ಲಿ? ಹೋಗಿ ಏನು ಮಾಡ್ಲಿ? ಇಷ್ಟು ವರ್ಷ ಇವಳ ಕೈಲಿ ಉಂಡೆ. ಚೆನ್ನಾಗೈತೆ ಅಂತ ಒಂದು ದಿವಸ ಬಾಯಿ ಬಿಟ್ಟು ಅಂದಿಲ್ಲ. ಚೆನ್ನಾಗೇ ಇತ್ತು, ಅಯ್ಯನೋರೇ. ದಿನಾಲೂ ಚೆನ್ನಾಗೇ ಇತ್ತು."

ಮೊಸರನ್ನ ಕಲಸುವ ಸದ್ದು ನಿಂತುಹೋಗಿದೆ ಎಂಬುದು ಆಗ ಅವನಿಗೆ ತಿಳಿಯಿತು. ಈ ಮಾತು ಬಲ್ಲವಳೊಬ್ಬಳು ಪಕ್ಕದಲ್ಲೇ ಕೂತಿದ್ದಳು. ಅವಳ ಕೈಯಲ್ಲಿ ತುತ್ತು ಹಾಗೇ ಇತ್ತು.

ವೃದ್ಧರು ಕಣ್ಣು ತೆರೆಯದೆ, ನಿಲ್ಲಿಸಬೇಡಿ ಎಂಬಂತೆ ಕೈಯಾಡಿಸಿದರು.

"ಹೇಳ್ರಿ" ಎಂದಳು ರುದ್ರಾಣಿ, ಮೆಲ್ಲಗೆ. "ಅಯ್ಯನೋರಿಗೆ ಇನ್ನೂ ಕೇಳಬೇಕಂತೆ."

ವಿರೂಪಾಕ್ಷಪ್ಪ ಮತ್ತೆ ಮಾತಾಡತೊಡಗಿದ. ಈ ಸಲ ಅವನು ಅಯ್ಯನವರ ಕಡೆ ನೋಡುತ್ತಿರಲಿಲ್ಲ.