ಅಡ್ಡ ಹಿಡಿದ ಬೆಡ್‌ಶೀಟು

ಷಣ್ಮುಖಪ್ಪ ಶವದ ಅಂಗಿಯ ಎರಡನೇ ಗುಂಡಿ ಬಿಚ್ಚುತ್ತಿದ್ದಾಗ ದಾಕ್ಷಾಯಣಿ ಒಳಗಿನಿಂದ ಬಂದು ಅಣ್ಣನ ಕೈ ಹಿಡಿದಳು.

ಹೊಸಮನೆ ಬಡಾವಣೆಯ ಆ ಮನೆಯ ಮುಂದೆ, ಹಲಗೆಯ ಮೇಲೆ, ಅವಳ ಗಂಡ ಶಿವಶಂಕರಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊನೆಯ ಸ್ನಾನಕ್ಕೆ ನೀರು ಕಾದಿತ್ತು. ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ ಇದ್ದವು. ಅವರು ಇಪ್ಪತ್ತೊಂದು ವರ್ಷ ದುಡಿದ ಮಲವಗೊಪ್ಪದ ಔಷಧಿ ಗೋದಾಮಿನಿಂದ ಒಂಬತ್ತು ಜನ ಬಂದು ಬೀದಿಯಲ್ಲಿ ನಿಂತಿದ್ದರು.

"ಇಲ್ಲಿ ಬೇಡ," ಎಂದಳು.

ಬೆಳಿಗ್ಗೆಯೇ ಭದ್ರಾವತಿಯಿಂದ ಬಂದಿದ್ದ ಷಣ್ಮುಖಪ್ಪ, ಬಚ್ಚಲಲ್ಲಿ ಇಬ್ಬರು ನಿಲ್ಲಲೂ ಜಾಗವಿಲ್ಲ, ಯಾರಿಗಾದರೂ ಅಂಗಳದಲ್ಲೇ ಮಾಡುವುದು ಎಂದು ಮೆಲ್ಲಗೆ ತಿಳಿಹೇಳಿದ. ಮಠದ ಅಯ್ಯನವರೂ ಹೊತ್ತಾಗುತ್ತದೆ ಎಂದರು.

"ಇಷ್ಟು ಜನ ನೋಡೋದು ಬೇಡ ಅಣ್ಣಾ. ಇವರನ್ನ ಎಲ್ಲಾರೂ ಆಗ್ಲೇ ನೋಡಿ ಆಗಿದೆ."

ಗೋದಾಮಿನವರ ನಡುವೆ ರುದ್ರೇಶ್ ತಲೆ ತಗ್ಗಿಸಿದ.

*

ದೀಪಾವಳಿ ಕಳೆದ ಮೇಲೆ ಶಿವಶಂಕರಪ್ಪ ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡಿದ್ದರು. ಗೋದಾಮಿನಲ್ಲಿ ಹೇಳಿದ್ದು, ಭದ್ರಾವತಿಗೆ ಭಾವನ ಮನೆಗೆ ಹೋಗುತ್ತೇನೆ ಎಂದು. ಆಮೇಲೆ ಮೂತ್ರ ತಡೆಯಲಾಗುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಗೋದಾಮಿನ ಹಿಂದಿನ ಕೋಣೆಗೆ ಹೋಗಿ ಬಟ್ಟೆ ಬದಲಿಸಿ, ಒದ್ದೆಯದನ್ನು ನೀಲಿ ಕೈಚೀಲದಲ್ಲಿ ಮನೆಗೆ ತರುತ್ತಿದ್ದರು. ದಾಕ್ಷಾಯಣಿ ಅದನ್ನು ಹೊರಗಿನ ತಂತಿಗೆ ಹಾಕದೆ ಕೋಣೆಯೊಳಗೇ ಒಣಗಿಸುತ್ತಿದ್ದಳು. ಮಗಳು ಸ್ಪಂದನಾಗೂ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಮಾತ್ರೆಗಳ ಎರಡು ಪೆಟ್ಟಿಗೆ ಕಾಣೆಯಾದವು. ಮ್ಯಾನೇಜರ್ ಮಧು ಆ ಚೀಲದ ಕಡೆ ಬೊಟ್ಟು ಮಾಡಿದ. ನೋಟಿಸು ಬಂತು: ಪದೇ ಪದೇ ಜಾಗ ಬಿಟ್ಟು ಹೋಗುವುದೇಕೆ, ಚೀಲದಲ್ಲಿ ಒಯ್ಯುವುದೇನು, ಮೂರು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಿ.

ಪಕ್ಕದ ಮೇಜಿನ ರುದ್ರೇಶನ ಅಪ್ಪ ಕಾರ್ಖಾನೆಯೊಂದರ ಯೂನಿಯನ್ನಿನಲ್ಲಿದ್ದವರು. ವಿಚಾರಣೆಗೆ ಜೊತೆಗೊಬ್ಬರನ್ನು ಕೂರಿಸಿಕೊಳ್ಳಬಹುದು, ನಾನೇ ಬರುತ್ತೇನೆ ಎಂದು ಅವನು ಧೈರ್ಯ ಹೇಳಿದ.

"ಇರೋದು ಇದ್ದಂಗೆ ಬರ್ದುಬಿಡಿ ಶಂಕರಣ್ಣ. ಕವರ್ ಮೇಲೆ ಗೌಪ್ಯ ಅಂತ ಹಾಕಿ. ಆಮೇಲೆ ಅವರು ಯಾರಿಗೂ ತೋರ್ಸಂಗಿಲ್ಲ."

"ಮಧುಗೆ ನನ್ನ ಮಗಳ ವಯಸ್ಸು ಮಾರಾಯ. ಅವನಿಗೆ ಇದನ್ನ ಹೆಂಗೆ ಬರೀಲಿ?"

ಆದರೂ ಬರೆದರು. ಕೊರಳಲ್ಲಿ ಲಿಂಗವಿರುವುದರಿಂದ ಒದ್ದೆ ಬಟ್ಟೆಯಲ್ಲಿ ಕೂರಲಾರೆ ಎಂಬ ಸಾಲೂ ಅದರಲ್ಲಿತ್ತು. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ಗೌಪ್ಯ ಎಂದು ಬರೆದು ಕೆಳಗೆ ಗೆರೆ ಎಳೆದರು.

ಮಾರನೆಯ ಮಧ್ಯಾಹ್ನ ಆ ಪತ್ರದ ಫೋಟೊ ಗೋದಾಮಿನ ವಾಟ್ಸಾಪ್ ಗ್ರೂಪಿನಲ್ಲಿತ್ತು. ‘ಕಾರಣ ಓದಿ’ ಎಂದಷ್ಟೇ ಮಧು ಹಾಕಿದ್ದ. ಕೆಳಗೆ ಒಂದೊಂದಾಗಿ ನಗುವ ಮುಖಗಳು ಬಂದವು. ರುದ್ರೇಶ್ ಸ್ವಲ್ಪ ಹೊತ್ತು ಕಾದ. ತನ್ನದೊಂದೇ ಇಲ್ಲದಿದ್ದರೆ ಎದ್ದು ಕಾಣುತ್ತದೆ ಎನಿಸಿ ತಾನೂ ಹಾಕಿದ.

ಪೆಟ್ಟಿಗೆಗಳು ತಪ್ಪಿ ಸಾಗರದ ಲಾರಿಗೆ ಹೋಗಿದ್ದವೆಂದು ವಾರದೊಳಗೆ ತಿಳಿಯಿತು. ಅದನ್ನು ಯಾರೂ ಗ್ರೂಪಿಗೆ ಹಾಕಲಿಲ್ಲ. ಒಂದು ದಿನ ಶಿವಶಂಕರಪ್ಪನವರ ಕುರ್ಚಿಯ ಮೇಲೆ ಮಗುವಿನ ಡೈಪರ್ ಇತ್ತು. ಅವರು ಅದನ್ನು ಡ್ರಾಯರಿನಲ್ಲಿಟ್ಟು ಕೂತರು. ಬೆಳಿಗ್ಗೆ ಶಟರ್ ಎತ್ತುವಾಗ ವಚನ ಹೇಳಿಕೊಳ್ಳುವುದು ಅವರ ರೂಢಿ; ಅದು ನಿಂತಿತು. ನೀರು ಕುಡಿಯುವುದೂ ನಿಂತಿತು.

ಏಪ್ರಿಲ್ ಬಿಸಿಲು, ತಗಡಿನ ಗೋದಾಮು. ಸಂಜೆ ಮನೆ ಸೇರುವವರೆಗೆ ಒಂದು ಗುಟುಕಿಲ್ಲ. ಕಿಡ್ನಿ ಸೋತಿವೆ ಎಂದು ಡಾಕ್ಟರು ಹೇಳಿದ ಮೇಲೂ, ದಾಕ್ಷಾಯಣಿ ಲೋಟ ಹಿಡಿದರೆ, ಆಸ್ಪತ್ರೆಯ ಹಾಸಿಗೆ ಒದ್ದೆಯಾಗುತ್ತದೆ ಎಂದು ತುಟಿ ಬಿಗಿಹಿಡಿಯುತ್ತಿದ್ದರು.

*

ಸ್ಪಂದನಾ ಒಳಗಿನಿಂದ ಎರಡು ಬೆಡ್‌ಶೀಟು ತಂದಳು. ಅಡ್ಡ ಹಿಡಿಯಲು ಬಂಧುಗಳಲ್ಲಿ ಮೂವರು ಬಂದರು. ಒಂದು ಮೂಲೆ ಉಳಿಯಿತು.

ರುದ್ರೇಶ್ ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದ.

"ನಾನು ಹಿಡೀತೀನಿ ಅಕ್ಕಾ." ದಾಕ್ಷಾಯಣಿ ಆ ಮೂಲೆಯನ್ನು ತಾನೇ ಎತ್ತಿಕೊಂಡಳು. "ಅಕ್ಕಾ, ಅವತ್ತು ನಾನು..."

"ಗೊತ್ತು. ಆ ನಗೋ ಮುಖಗಳಲ್ಲಿ ನಿಂದೊಂದನ್ನೇ ಅವರು ತೆಗ್ದು ತೆಗ್ದು ನೋಡೋರು."

ಅವನು ಕೈ ಚಾಚಿಯೇ ನಿಂತಿದ್ದ. ಕೊನೆಗೆ ಅವಳು ಮೂಲೆಯನ್ನು ಅವನ ಕೈಗೆ ಕೊಟ್ಟಳು.

"ಮುಖ ಆ ಕಡೆ ಇರ್ಲಿ."

ಅವನು ಬೀದಿಯ ಕಡೆ ತಿರುಗಿ, ಎರಡೂ ಕೈಯಲ್ಲಿ ಬೆಡ್‌ಶೀಟನ್ನು ಎತ್ತಿ ಹಿಡಿದ. ಬೆನ್ನ ಹಿಂದೆ ಮೊದಲ ಚೊಂಬಿನ ನೀರು ಬಿತ್ತು. ಅಷ್ಟರಲ್ಲಿ ಬೀದಿಯಲ್ಲಿದ್ದವರ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಅವರು ತೆಗೆದು ನೋಡಿದರು. ಮಧು ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದ್ದಾನೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ರುದ್ರೇಶನ ಜೇಬಿನಲ್ಲೂ ಫೋನು ಅದುರಿತು.

ಅವನು ಕೈ ಬಿಡಲಿಲ್ಲ. ನೀರು ಬೆಡ್‌ಶೀಟನ್ನು ತೋಯಿಸಿ ಅವನ ಮೈಗಂಟಿಸಿತು. ತೊಡೆಯಿಂದ ಕೆಳಗೆ ಪ್ಯಾಂಟು ನಿಧಾನವಾಗಿ ಕಪ್ಪಾಯಿತು. ಬೀದಿಯವರು ಫೋನಿನಿಂದ ತಲೆಯೆತ್ತಿ ಅದನ್ನೇ ನೋಡುತ್ತಿದ್ದರು.