ಗುರುಗಳಿಗೆ ಹೊಲಿದ ನಿಲುವಂಗಿಗಳು

ಆ ಕತ್ತಿಕಾಳಗದ ಧಾರಾವಾಹಿಯಲ್ಲಿ ಎಲ್ಲರೂ ಹಾರುತ್ತಿದ್ದರು. ನಾಯಕ ಹಾರುತ್ತಿದ್ದ, ನಾಯಕಿ ಹಾರುತ್ತಿದ್ದಳು, ಖಳನಾಯಕನಂತೂ ಬಾಗಿಲು ತೆರೆದಿದ್ದರೂ ಕಿಟಕಿಯಿಂದಲೇ ಒಳಗೆ ಹಾರುತ್ತಿದ್ದ. ಹಾರದವರು ಗುರುಗಳೊಬ್ಬರೇ. ಅವರು ಮೊದಲ ಕಂತಿನಿಂದಲೂ ಮರದ ಕೆಳಗಿನ ಬಂಡೆಯ ಮೇಲೆ ಕೂತು, ಬಿಳಿ ಗಡ್ಡ ನೀವಿಕೊಳ್ಳುತ್ತ, ಏಟು ತಿಂದು ಬಂದ ಶಿಷ್ಯರಿಗೆ ಎರಡು ತೂಕದ ಮಾತು ಹೇಳಿ ಕಳಿಸುತ್ತಿದ್ದರು. ಮರ ಪ್ಲಾಸ್ಟಿಕ್ಕಿನದು, ಬಂಡೆ ಬಣ್ಣ ಬಳಿದ ಪ್ಲೈವುಡ್ಡು, ಗಡ್ಡ ಅಂಟಿಸಿದ್ದು. ಅಲ್ಲಿ ಅಸಲಿ ಅನ್ನುವಂಥದ್ದು ಗುರುಗಳ ಮಂಡಿನೋವು ಮಾತ್ರ.

ಈಗ ಅವರನ್ನು ಸ್ಟುಡಿಯೋದ ಕಾವಲುಗಾರನೂ ಗುರುಗಳೇ ಎಂದು ಕರೆಯುತ್ತಿದ್ದ. ಮನೆಯಲ್ಲಿ ಹೆಂಡತಿಯೂ ಬಿಟ್ಟಿರಲಿಲ್ಲ. "ಗುರುಗಳೇ, ಉಪದೇಶ ಆಮೇಲೆ ಮಾಡಿ, ಮೊದ್ಲು ಆ ಬಕೆಟ್ ಎತ್ಕೊಡಿ" ಅನ್ನುತ್ತಿದ್ದಳು. ಅವರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಯಾಕೆಂದರೆ ಈ ಪಾತ್ರ ಸಿಗುವ ಮುಂಚೆ ವರ್ಷಗಟ್ಟಲೆ ಅವರನ್ನು ಯಾರೂ ಏನೆಂದೂ ಕರೆದಿರಲಿಲ್ಲ. ಫೋನು ಮೂಗನ ಹಾಗೆ ಬಿದ್ದಿರುತ್ತಿತ್ತು. ಹೆಂಡತಿ ಬೆಳಿಗ್ಗೆ ಎದ್ದು ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ ಹೋಗುವಳು, ಇವರು ಮನೆಯಲ್ಲಿ ಕೂರುವರು. ಸಂಜೆ ಅವಳು ಬಂದು ಕುರ್ಚಿಯಲ್ಲಿ ಕೂತರೆ ಒಂದು ಮಾತೂ ಇಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದರು. ಆ ಮೌನವೇ ಅವರನ್ನು ಕೊರೆಯುತ್ತಿತ್ತು. ಮತ್ತೆ ಆ ಕಾಲ ಬರಬಾರದು ಅನ್ನುವುದೊಂದೇ ಅವರ ಆಸೆ.

ಧಾರಾವಾಹಿಯಲ್ಲಿ ಮುಂದೆ ಯಾರು ಸಾಯುತ್ತಾರೆ ಎಂಬುದನ್ನು ನಿರ್ದೇಶಕರು ಕೊನೆಯ ಗಳಿಗೆಯವರೆಗೂ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡುತ್ತಿದ್ದದ್ದು ಹೊಲಿಗೆ ಕೋಣೆ. ಬದುಕಿರುವ ಪಾತ್ರಕ್ಕೆ ಒಂದೇ ಉಡುಪು, ಅದನ್ನೇ ಒಗೆದು ಒಗೆದು ಹಾಕಿಕೊಳ್ಳಬೇಕು. ಸಾಯುವ ಪಾತ್ರಕ್ಕೆ ಮಾತ್ರ ಒಂದೇ ಥರದ್ದು ಹಲವಾರು, ಯಾಕೆಂದರೆ ಪ್ರತಿ ಟೇಕಿಗೂ ಒಂದೊಂದು ರಕ್ತದ ಬಣ್ಣ ಕುಡಿದು ಹಾಳಾಗುತ್ತಿತ್ತು. ಹಾಗಾಗಿ ಚಹಾ ಹೊತ್ತಿನಲ್ಲಿ ನಟರೆಲ್ಲ ಏನೋ ನೆಪ ಹೇಳಿ ಹೊಲಿಗೆ ಕೋಣೆಗೆ ಮೂಗು ತೂರಿಸಿ, ಹ್ಯಾಂಗರುಗಳ ಮೇಲೆ ಕಣ್ಣಾಡಿಸಿ ಹೋಗುತ್ತಿದ್ದರು. "ಪಾಪ, ಅವನಿಗೆ ಅಂಗಿ ಹೆಚ್ಚಾಯ್ತು" ಅಂದರೆ ಆ ಸೆಟ್ಟಿನಲ್ಲಿ ಅವನ ಕತೆ ಮುಗಿಯಿತು ಎಂದೇ ಅರ್ಥ.

ಒಂದು ದಿನ ಗುರುಗಳೂ ಕಿತ್ತುಹೋದ ಗುಂಡಿಯ ನೆಪ ಹಿಡಿದು ಇಣುಕಿದರು. ಗೋಡೆಯುದ್ದಕ್ಕೂ ಬೂದುಬಣ್ಣದ ನಿಲುವಂಗಿಗಳು ಸಾಲಾಗಿ ತೂಗುತ್ತಿದ್ದವು. ಎಲ್ಲವೂ ಅವರವೇ. ಗುಂಡಿಯ ವಿಷಯ ಮರೆತು ಹಾಗೇ ಹಿಂದಕ್ಕೆ ಬಂದರು.

ಆಮೇಲಿನ ಒಂದು ವಾರ ಅವರ ಪಾಡು ಯಾರಿಗೂ ಬೇಡ. ಅವರಿಗೆ ಆಗ ನಿಜವಾಗಿಯೂ ಕೆಮ್ಮು ಹಿಡಿದಿತ್ತು. ಆದರೆ ಧಾರಾವಾಹಿಯಲ್ಲಿ ಕೆಮ್ಮಿದ ಮುದುಕ ಉಳಿದದ್ದುಂಟೇ? ಕೆಮ್ಮಿದರೆ ಆ ಯೋಚನೆಯನ್ನು ತಾವೇ ನಿರ್ದೇಶಕರ ತಲೆಗೆ ಹಾಕಿದಂತಾಗುತ್ತದೆ ಎಂದು ಬಂದ ಕೆಮ್ಮನ್ನೆಲ್ಲ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದರು. ಶಿಷ್ಯನಿಗೆ ಹೇಳುವ ಮಾತಿಗೆ ಭಾವ ತುಂಬಿ ಬಂದಿದೆ ಎಂದು ಕ್ಯಾಮರಾದವನು ಮೆಚ್ಚಿಕೊಂಡ. ಜೀವಮಾನದಲ್ಲಿ ಯಾರಿಗೂ ಬೆಣ್ಣೆ ಹಚ್ಚದ ಮನುಷ್ಯ ನಿರ್ದೇಶಕರ ಹೊಸ ಚಪ್ಪಲಿಯನ್ನು ಹೊಗಳಿದರು.

ನಿರ್ದೇಶಕರು ನಕ್ಕು, "ಅದಿರ್ಲಿ, ಮಂಡಿ ಹೇಗಿದೆ ಗುರುಗಳೇ?" ಎಂದು ಕೇಳಿದರು.

"ಕಬ್ಬಿಣ ಸಾರ್, ಕಬ್ಬಿಣ!"

"ಒಳ್ಳೇದಾಯ್ತು ಬಿಡಿ. ನಾಳಿದ್ದು ನಿಮ್ಮದೊಂದು ದೊಡ್ಡ ಸೀನ್ ಇದೆ."

ಕೂತೇ ಇರುವ ಮುದುಕನಿಗೆ ಸಾಯುವುದು ಬಿಟ್ಟು ಇನ್ಯಾವ ದೊಡ್ಡ ಸೀನು? ವಾರದಿಂದ ಸರಿಯಾಗಿ ಉಣ್ಣದಿದ್ದ ಗುರುಗಳಿಗೆ ಅಂದು ಮನೆಗೆ ಬಂದರೆ ತುತ್ತೇ ಇಳಿಯಲಿಲ್ಲ. "ಯಾಕ್ರೀ, ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿದ್ಯಾ?" ಎಂದು ಹೆಂಡತಿ ಕೇಳಿದಳು. "ಏನಿಲ್ಲ ಕಣೇ" ಎಂದು ಎದ್ದುಹೋದರು.

ಮರುದಿನ ಊಟದ ಬಿಡುವಿನಲ್ಲಿ ಹೊಲಿಗೆ ಕೋಣೆ ಖಾಲಿಯಿತ್ತು. ಸಾಯುವುದಂತೂ ಖಾತ್ರಿ, ಸಾವಿನ ಅಂಗಿ ಹೇಗೆ ಕಾಣುತ್ತದೋ ನೋಡಿಯೇ ಬಿಡೋಣ ಎಂದು ಗುರುಗಳು ಕೈಗೆ ಸಿಕ್ಕ ನಿಲುವಂಗಿಯೊಂದನ್ನು ತಲೆಯ ಮೇಲಿಂದ ಇಳಿಸಿಕೊಂಡರು. ಅದು ಎದೆಯವರೆಗೆ ಬಂದು ನಿಂತಿತು. ಕೆಳಗೆ ಎಳೆದರೆ ಹೊಟ್ಟೆ ಬಿಡದು, ಮೇಲೆ ಎಳೆದರೆ ಭುಜ ಬಿಡದು. ಎರಡೂ ಕೈ ಮೇಲಕ್ಕೆತ್ತಿಕೊಂಡು, ಮುಖ ಬಟ್ಟೆಯೊಳಗೆ ಹೂತು, ಅವರು ಕುರುಡಾಗಿ ಸುತ್ತುತ್ತಿದ್ದಾಗ ಟೈಲರಮ್ಮ ಒಳಗೆ ಬಂದಳು.

"ಅಯ್ಯೋ! ಎಳೀಬೇಡಿ ಗುರುಗಳೇ, ಹರಿದೋಗತ್ತೆ! ಅದು ನಿಮ್ದಲ್ಲ!"

"ನಂದಲ್ವಾ?" ಗುರುಗಳ ದನಿ ಬಟ್ಟೆಯೊಳಗಿಂದ ಬಂತು. "ನನ್ನ ಪಾತ್ರ, ನನ್ನ ಸಾವು. ಅಂಗಿ ಮಾತ್ರ ಬೇರೆಯವರ್ದಾ?"

"ಯಾರು ಸಾಯ್ತಿರೋದು?"

"ನಂಗೂ ಅಂಗಿ ಹೆಚ್ಚಾಗಿದೆಯಲ್ಲಮ್ಮಾ, ವಾರದಿಂದ ನೋಡ್ತಿದೀನಿ."

ಟೈಲರಮ್ಮ ಅಂಗಿಯನ್ನು ಬಿಡಿಸಿ ಅವರ ಮುಖ ಹೊರಗೆ ತಂದಳು. ಆ ಮುಖ ನೋಡಿ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಸಿದಳು. "ನೋಡಿದ್ರಿ, ಆದ್ರೆ ಅಳತೆ ನೋಡ್ಲಿಲ್ಲ. ಸಾಯೋರು ಒಬ್ರೇ ತಾನೆ? ಅವರಿಗೆ ಎಲ್ಲಾನೂ ಒಂದೇ ಅಳತೇಲಿ ಹೊಲೀತೀನಿ. ಇಲ್ನೋಡಿ, ಇದು ಸಣ್ಣಕ್ಕಿರೋನ್ದು, ಅವ್ನು ಗೋಡೆ ಮೇಲಿಂದ ಹಾರ್ತಾನೆ. ಈ ಉದ್ದಂದು ಪಲ್ಟಿ ಹೊಡೆಯೋನ್ದು. ಅದು ಕೆಸರಲ್ಲಿ ಬೀಳೋನ್ದು. ಎಲ್ಲಾ ನಿಮ್ಮ ಬದಲು ಹೊಡೆದಾಡೋ ಡ್ಯೂಪ್‌ಗಳು! ನಿಮ್ದು ಆ ಕಡೇದು, ಹೊಟ್ಟೆ ಹತ್ರ ಧಾರಾಳ ಬಿಟ್ಟಿದೀನಿ."

"ಅಂದ್ರೆ?"

"ಅಂದ್ರೆ ನೀವು ಕಾಳಗಕ್ಕೆ ಏಳ್ತೀರಿ. ಈ ಮುದುಕ ಯಾವಾಗ ಏಳ್ತಾನೆ, ಯಾವಾಗ ಏಳ್ತಾನೆ ಅಂತ ಜನ ಒಂದೇ ಸಮ ಕೇಳ್ತಿದಾರಂತೆ."

ಗುರುಗಳಿಗೆ ಹೋದ ಜೀವ ಬಂದಂತಾಯಿತು. ನಗಲು ಹೋದರು, ವಾರದಿಂದ ನುಂಗಿದ್ದ ಕೆಮ್ಮೆಲ್ಲ ಒಟ್ಟಿಗೆ ನುಗ್ಗಿತು. ಗೋಡೆ ಹಿಡಿದುಕೊಂಡು, ಮನಸಾರೆ, ಗಡ್ಡ ಅರ್ಧ ಕಿತ್ತುಬರುವಷ್ಟು ಕೆಮ್ಮಿದರು. ಅಷ್ಟು ಸುಖವಾದ ಕೆಮ್ಮನ್ನು ಅವರು ಹಿಂದೆಂದೂ ಕೆಮ್ಮಿರಲಿಲ್ಲ.

ಸಂಜೆ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ನಗುತ್ತಾಳೆಂದುಕೊಂಡಿದ್ದರು. ಅವಳಿಗೆ ಸಿಟ್ಟು ಬಂತು.

"ಒಂದು ವಾರ ಊಟ ಬಿಟ್ಟಿದ್ದು ಇದಕ್ಕಾ? ಆ ಗುರು ಸತ್ರೆ ಸಾಯ್ಲಿ, ನಿಮಗೇನಾಗಿತ್ತು?"

"ಮತ್ತೆ ಮನೇಲಿ ಕೂರಬೇಕಾಗತ್ತಲ್ಲ ಅಂತ. ಆಗ ನೀನು ಸಂಜೆ ಬಂದ್ರೆ ಒಂದು ಮಾತೂ ಆಡ್ತಿರ್ಲಿಲ್ಲ. ನನ್ನ ಮುಖ ನೋಡಿ ಬೇಜಾರಾಗ್ತಿತ್ತೇನೋ."

ಅವಳ ಕೈಯಲ್ಲಿದ್ದ ಟವೆಲ್ಲು ಹಾಗೇ ನಿಂತಿತು. "ಅದನ್ನ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ರಾ? ರೀ, ದಿನವಿಡೀ ಆ ಕೌಂಟರಲ್ಲಿ ಯಾವ ಬಸ್ಸು, ಎಷ್ಟೊತ್ತಿಗೆ ಅಂತ ಹೇಳೀ ಹೇಳೀ ಬಾಯಿ ಬಿದ್ದೋಗಿರ್ತಿತ್ತು. ಮನೆಗೆ ಬಂದ್ರೆ ದೀಪ ಹಾಕಿರ್ತಿದ್ರಿ, ಬಿಸಿ ನೀರು ಕಾಸಿರ್ತಿದ್ರಿ. ಅಬ್ಬಾ, ಇಲ್ಲಿ ಯಾರಿಗೂ ಏನೂ ಹೇಳ್ಬೇಕಾಗಿಲ್ಲ ಅಂತ ಸುಮ್ನೆ ಕೂರ್ತಿದ್ದೆ. ಈಗ ಕತ್ತಲೆ ಮನೆಗೆ ಬಂದು ಬೀಗ ನಾನೇ ತೆಗೀಬೇಕು."

ಎರಡು ತೂಕದ ಮಾತು ಹೇಳುವುದೇ ಕಸುಬಾಗಿದ್ದ ಮನುಷ್ಯ ಎದುರಿಗೆ ಕೂತು ಟವೆಲ್ಲಿನ ಇನ್ನೊಂದು ತುದಿ ಹಿಡಿದುಕೊಂಡರು.

ಮರುದಿನ ಕಾಳಗ ನಡೆಯಿತು. ಹಾರಿದವನು ಒಬ್ಬ, ಪಲ್ಟಿ ಹೊಡೆದವನು ಇನ್ನೊಬ್ಬ, ಕೆಸರಿಗೆ ಬಿದ್ದವನು ಮತ್ತೊಬ್ಬ. ಗುರುಗಳ ಪಾಲಿಗಿದ್ದದ್ದು ಬಂಡೆಯಿಂದ ಎದ್ದು ನಿಲ್ಲುವುದಷ್ಟೇ. ಎದ್ದರು. ಮಂಡಿ ಲಟಕ್ಕೆಂದಿತು, ಸೆಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಗುರುಗಳಿಗೆ ಚಪ್ಪಾಳೆ ಕೇಳುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಕೆಲಸ ಬೇಗ ಮುಗಿದಿತ್ತು, ಹೆಂಡತಿಯ ಪಾಳಿ ಮುಗಿಯುವುದರೊಳಗೆ ಮನೆ ಸೇರಬೇಕಿತ್ತು. ಗಡ್ಡ ಬಿಡಿಸಲೂ ಕೂರದೆ ಹೊರಟುಬಿಟ್ಟರು. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು.

ಅವಳು ಬಂದಾಗ ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು, ಒಲೆಯ ಮೇಲೆ ನೀರು ಕಾಯುತ್ತಿತ್ತು. ಚೀಲ ಕೆಳಗಿಟ್ಟು, ಬಿಳಿ ಗಡ್ಡದ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಅವಳು "ಅಬ್ಬಾ" ಎಂದು ಕುರ್ಚಿಯಲ್ಲಿ ಕೂತಳು. ಅವರೂ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಇಬ್ಬರೂ ಒಂದು ಮಾತೂ ಆಡಲಿಲ್ಲ.