ಊರಿಗೆ ಹೋಗದ ರಂಜನ್

ಕೊರೋನಾದ ಎರಡನೇ ಅಲೆಯ ದಿನಗಳು. ಮರಾಠಿ ನೆಲದ ನೆರೂಳಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮೋಹಿನಿಯ ಮನೆ. ಗಂಡ ಯಶ್ವಂತ್‌ಗೆ ಮಹಾಪೆಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಕೆಲಸ. ಮಗ ರಂಜನ್ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ, ಕಾಲೇಜು ಪೂರ್ತಿ ಮೊಬೈಲಿನಲ್ಲೇ ನಡೆಯುತ್ತಿತ್ತು.

ರಂಜನ್‌ಗೆ ಜ್ವರ ಬಂತು. ಬಾಯಿಗೆ ರುಚಿ ಇಲ್ಲ, ಮೂಗಿಗೆ ವಾಸನೆ ಇಲ್ಲ. "ಟೆಸ್ಟ್ ಮಾಡಿಸಿ, ಬೇರೆ ಕೋಣೆಯಲ್ಲಿಡಿ" ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಮೋಹಿನಿ ಕೋಣೆಯಲ್ಲಿಟ್ಟಳು, ಟೆಸ್ಟ್ ಮಾಡಿಸಲಿಲ್ಲ. ಮಾಡಿಸಿದರೆ ಸೊಸೈಟಿಗೆ ಗೊತ್ತಾಗುತ್ತದಲ್ಲ. ಯಾರೋ ಕೇಳಿದ್ದಕ್ಕೆ, "ರಂಜನ್ ಊರಿಗೆ ಹೋಗಿದ್ದಾನೆ, ಕಾಪುವಿಗೆ" ಎಂದುಬಿಟ್ಟಳು.

ಜ್ವರ ಬಿಟ್ಟಿತು. ಸುಳ್ಳು ಬಿಡಲಿಲ್ಲ. ವಾಪಸ್ ಬಂದ ಎನ್ನೋಣವೆಂದರೆ, ಹೊರಗಿಂದ ಬಂದವರಿಗೆ ಗೇಟಿನಲ್ಲೇ ಟೆಸ್ಟಿನ ರಿಪೋರ್ಟ್ ಕೇಳುತ್ತಿದ್ದರು. ಊರಿಗೆ ಹೋದ ಹುಡುಗ ಬಾಲ್ಕನಿಯಲ್ಲಿ ನಿಲ್ಲುವುದು ಹೇಗೆ? ಕ್ಲಾಸಿನಲ್ಲಿ ಉತ್ತರ ಹೇಳಿದರೆ ಪಕ್ಕದ ಮನೆಗೆ ಕೇಳಿಸದೇ? ಹಾಗಾಗಿ ಕಿಟಕಿಗೆ ಪರದೆ, ಮೈಕು ಬಂದ್. ರಂಜನ್ ಹಗಲೆಲ್ಲ ಮಲಗುತ್ತಿದ್ದ, ರಾತ್ರಿಯೆಲ್ಲ ಮೊಬೈಲು ನೋಡುತ್ತಿದ್ದ. ಸ್ನಾನ ಬೇಡ. ಊಟ ಹಾಸಿಗೆಯಲ್ಲೇ, ಅದೂ ಅರ್ಧ. ಸ್ನೇಹಿತರ ಫೋನ್ ಎತ್ತುವುದನ್ನೂ ಬಿಟ್ಟ. ಓದಿನ ಟೆನ್ಶನ್ ಇರಬೇಕು, ಪರೀಕ್ಷೆ ಮುಗಿದರೆ ಸರಿಹೋಗುತ್ತಾನೆ ಎಂದು ಮೋಹಿನಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಜಲಜಾಕ್ಷಿ ಮಾಸ್ಕ್ ಹಾಕಿಕೊಂಡು ಬಂದು ಬಾಗಿಲು ತಟ್ಟಿದರು. ಅವರು ಸಾನಪಾಡಾದ ಒಂದು ಕಾಲೇಜಿನಲ್ಲಿ ಲೆಕ್ಚರರ್.

"ಮೋಹಿನಿ, ನನ್ನ ಅಣ್ಣ ಕಿಟ್ಟಣ್ಣ ನಿನ್ನೆ ಕಾಪುವಿನಲ್ಲಿ ನಿಮ್ಮ ಮನೆಗೆ ಹೋಗಿದ್ರು. ರಂಜನ್ ಅಲ್ಲಿಗೆ ಬರ್ಲೇ ಇಲ್ಲವಂತಲ್ಲ. ಹುಡುಗ ಎಲ್ಲಿದ್ದಾನೆ? ನಂಗೆ ಹೆದರಿಕೆ ಆಗ್ತಾ ಉಂಟು."

ಮೋಹಿನಿಯ ಮುಖ ಬಿಳಿಚಿಕೊಂಡಿತು. ಕೊನೆಗೆ ಒಳಗೆ ಕರೆದು ಎಲ್ಲವನ್ನೂ ಹೇಳಿದಳು.

"ಎಂತ ಮಾರಾಯ್ತಿ, ಜ್ವರದವ ಮನೆಯಲ್ಲಿದ್ದಾಗ ನೀನು ನಮ್ಮೊಟ್ಟಿಗೆ ಲಿಫ್ಟಿನಲ್ಲಿ ಬರ್ತಾ ಇದ್ದಿಯಲ್ಲ. ನಮ್ಮ ಅತ್ತೆಯ ವಯಸ್ಸು ಗೊತ್ತುಂಟಲ್ಲ ನಿಂಗೆ?"

"ತಪ್ಪಾಯ್ತು ಅಕ್ಕ. ಹೇಳಿದ್ರೆ ಜನ ಎಂತ ಮಾಡ್ತಾರೆ ಅಂತ ನಂಗೆ ಗೊತ್ತಿತ್ತು."

"ಹೇಗೆ ಗೊತ್ತಿತ್ತು?"

ಮೋಹಿನಿ ತಲೆ ತಗ್ಗಿಸಿದಳು. ಹೋದ ವರ್ಷ ಕೆಳಗಿನ ಮಾಳಿಗೆಯ ಚಂದ್ರಬಾಯಿಯ ಮನೆಗೆ ಕೊರೋನಾ ಬಂದಾಗ, ಆ ಮನೆಗೆ ಹಾಲಿನವನೂ ಹೋಗಬಾರದು ಎಂದು ಸೊಸೈಟಿಯ ಗ್ರೂಪಿನಲ್ಲಿ ಮೊದಲು ಬರೆದವಳು ಅವಳೇ. ಜನ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಜಲಜಾಕ್ಷಿ ಕೋಣೆಯ ಬಾಗಿಲ ಹತ್ತಿರ ಹೋದರು. "ರಂಜನ್, ಹೊರಗೆ ಬಾ ಮಗಾ. ಕೆಳಗೆ ಸ್ವಲ್ಪ ಬಿಸಿಲಲ್ಲಿ ನಡೆದು ಬರುವ."

ಒಳಗಿನಿಂದ ಸಣ್ಣ ದನಿ ಬಂತು. "ಆಂಟಿ, ಮೈ ತೋ ಗಾಂವ್ ಮೇ ಹೂಂ."

ನಾನು ಊರಿನಲ್ಲಿದ್ದೇನಲ್ಲ, ಎಂದ. ದನಿಯಲ್ಲಿ ತಮಾಷೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು ಮೋಹಿನಿಗೆ. ಕಾಯಿಲೆ ಹೋಗಿ ಎಷ್ಟೋ ದಿನವಾಗಿತ್ತು. ಮಗನನ್ನು ಈಗ ಕೂಡಿಹಾಕಿದ್ದು ಅವಳ ಮರ್ಯಾದೆ.

"ಇದು ಸೋಮಾರಿತನ ಅಲ್ಲ ಮೋಹಿನಿ," ಜಲಜಾಕ್ಷಿ ಮೆಲ್ಲಗೆ ಹೇಳಿದರು. "ನನ್ನ ಸ್ಟೂಡೆಂಟ್ಸ್‌ನಲ್ಲೂ ನೋಡಿದ್ದೇನೆ. ದಿನಾ ಒಂದೇ ಹೊತ್ತಿಗೆ ಏಳ್ಬೇಕು, ಬಿಸಿಲು ಕಾಣ್ಬೇಕು, ನಿಮ್ಮೊಟ್ಟಿಗೆ ಕೂತು ಊಟ ಮಾಡ್ಬೇಕು, ದೋಸ್ತಿಗಳ ಹತ್ರ ಮಾತಾಡ್ಬೇಕು. ಒಂದೇ ದಿನದಲ್ಲಿ ಆಗ್ಲಿಕ್ಕಿಲ್ಲ. ಇಷ್ಟು ದಿನದಿಂದ ಹೀಗೇ ಇದ್ದಾನಂದ್ರೆ ಡಾಕ್ಟರ ಹತ್ರವೂ ಮಾತಾಡುವ."

"ಮನಸ್ಸಿಗೆ ಡಾಕ್ಟರಾ? ಹುಚ್ಚು ಅಂತ ಹೇಳ್ತಾರಲ್ಲ ಅಕ್ಕ."

"ಜ್ವರಕ್ಕೂ ಹೀಗೇ ಹೆದರಿದ್ದಿ. ಎಂತ ಆಯ್ತು ನೋಡಿದ್ಯಲ್ಲ."

ಮೋಹಿನಿ ಮಾಸ್ಕ್ ಹಾಕಿಕೊಂಡು ಕೆಳಗಿಳಿದಳು. ಗೇಟಿನ ಬಳಿ ತರಕಾರಿ ಟೆಂಪೋದ ಮುಂದೆ ಐದಾರು ಜನ ದೂರ ದೂರ ನಿಂತಿದ್ದರು. ಚಂದ್ರಬಾಯಿಯೂ ಇದ್ದರು. ರಂಜನ್ ಊರಿಗೆ ಹೋಗಿಲ್ಲ, ಅವನಿಗೆ ಕಾಯಿಲೆಯಿತ್ತು, ನಾನೇ ಮುಚ್ಚಿಟ್ಟೆ ಎಂದು ಮೋಹಿನಿ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದಳು. ಆಮೇಲೆ ಚಂದ್ರಬಾಯಿಯ ಕಡೆ ತಿರುಗಿ, ನಿಮಗೆ ಮಾಡಿದ್ದೂ ತಪ್ಪು ಎಂದಳು.

ಚಂದ್ರಬಾಯಿ ಕ್ಷಮಿಸಿದೆ ಎನ್ನಲಿಲ್ಲ. ಅಷ್ಟು ಸುಲಭಕ್ಕೆ ಯಾಕೆ ಅನ್ನಬೇಕು? ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಮುಲಗಾ ಕಸಾ ಆಹೆ ಆತಾ?" ಎಂದರು. ಹುಡುಗ ಈಗ ಹೇಗಿದ್ದಾನೆ? ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಕೇಳಲು ಮೋಹಿನಿ ಬಿಟ್ಟಿದ್ದರೆ ತಾನೇ?

ಸಂಜೆ ಯಶ್ವಂತ್ ಮಗನ ಕೈಹಿಡಿದು ಕೆಳಗೆ ಕರೆತಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ರಂಜನ್ ಸ್ವಲ್ಪ ದೂರ ನಡೆದ, ಸಾಕು ಎಂದ. ಮರುದಿನವೂ ಬಂದ. ಆ ವಾರವೇ ಡಾಕ್ಟರ ಹತ್ತಿರ ಮಾತಾಡಲು ಒಪ್ಪಿದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊರೋನಾದ ಆ ದಿನಗಳು ಮುಗಿದವು. ಆದರೆ ಆಗ ಕೋಣೆ ಸೇರಿದ ಮಕ್ಕಳೆಲ್ಲ ಹೊರಗೆ ಬಂದಿಲ್ಲ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರು ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ಊಟ, ಸ್ನಾನ, ಸ್ನೇಹಿತರನ್ನು ಬಿಟ್ಟಿದ್ದರೆ ಬೈಯಬೇಡಿ, ಮುಚ್ಚಿಡಲೂ ಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ನಾಚಿಕೆಯ ಬೆಲೆಯನ್ನು ಮಕ್ಕಳಿಂದ ಕಟ್ಟಿಸಬೇಡಿ.